ವೈರಸ್ ನಿರೋಧಕ ತಂತ್ರಾಂಶದ ತಲೆಲೆಕ್ಕ: ಪರವಾನಗಿ ಎಣಿಕೆ ಬೆಳೆದುಬಂದ ದಾರಿ

ವಿದ್ಯಾಸಂಸ್ಥೆಗಳನ್ನು ನಡೆಸುವ ಯಾವುದೇ ಸಂಘದ ವಾರ್ಷಿಕ ಲೆಕ್ಕಪತ್ರವನ್ನು ಇಂದು ತೆರೆದು ನೋಡಿದರೆ, ಪೀಠೋಪಕರಣ, ವಿದ್ಯುತ್ ಬಿಲ್ಲು, ಪ್ರಯೋಗಾಲಯದ ಸಾಮಗ್ರಿಗಳ ಸಾಲಿನಲ್ಲಿಯೇ 'ಆಂಟಿವೈರಸ್ ನವೀಕರಣ' ಎಂಬ ಒಂದು ಬಾಬತ್ತು ಕಾಣುತ್ತದೆ. ಮೇಜು, ಕುರ್ಚಿಗಳಾದರೆ ಹೋಗಿ ಎಣಿಸಿ ಬರಬಹುದು. ಆದರೆ ಬಿಲ್ಲಿನಲ್ಲಿ '50 ಲೈಸೆನ್ಸ್' ಎಂದು ಬರೆದಿದ್ದರೆ ಅದು ಏನಿನ ಲೆಕ್ಕ? 50 ಕಂಪ್ಯೂಟರುಗಳೇ, 50 ಮಂದಿಯೇ, 50 ಇ-ಮೇಲ್ ವಿಳಾಸಗಳೇ? ಪ್ರಯೋಗಾಲಯದಲ್ಲಿ ಇರುವುದೇ 40 ಯಂತ್ರಗಳಾಗಿರುವಾಗ 52 ಬಳಕೆಯಾಗಿದೆ ಎಂದು ತಂತ್ರಾಂಶ ತೋರಿಸುವುದಾದರೂ ಹೇಗೆ?

ಜನರ ದೇಣಿಗೆಯಿಂದ ನಡೆಯುವ ಸಂಸ್ಥೆಗೆ ಇದು ಸಣ್ಣ ಪ್ರಶ್ನೆಯಲ್ಲ. ಹೆಚ್ಚು ಕೊಟ್ಟರೆ ಅಮಾನತ್ತಿನ ಹಣ ಪೋಲಾಗುತ್ತದೆ. ಕಡಿಮೆ ಕೊಟ್ಟರೆ ಇನ್ನೊಬ್ಬರ ಹಕ್ಕಿನ ಪ್ರಶ್ನೆ ಏಳುತ್ತದೆ, ಜೊತೆಗೆ ಕಾನೂನಿನ ಪ್ರಶ್ನೆಯೂ ಇದೆ. ವಿಷಯವೇನೆಂದರೆ, ಲೈಸೆನ್ಸಿನ ಎಣಿಕೆ ಎಂಬುದು ತೂಕ, ಅಳತೆಗಳ ಹಾಗೆ ಸ್ಥಿರವಾದುದಲ್ಲ. ಕಳೆದ ಐದು ದಶಕಗಳಲ್ಲಿ ಅದರ ಅಳತೆಗೋಲೇ ಹಲವು ಬಾರಿ ಬದಲಾಗಿದೆ. ಅದು ಯಾಕೆ ಬದಲಾಯಿತು ಎಂಬುದನ್ನು ತಿಳಿಯದೆ ಬಿಲ್ಲಿಗೆ ಸಹಿ ಹಾಕುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಮೊದಲು ತಂತ್ರಾಂಶಕ್ಕೆ ಬೆಲೆಯೇ ಇರಲಿಲ್ಲ ಎಂದರೆ ಇಂದಿನ ವಿದ್ಯಾರ್ಥಿಗಳು ನಂಬಲಿಕ್ಕಿಲ್ಲ. 1960ರ ದಶಕದಲ್ಲಿ ಕೋಣೆ ತುಂಬುವ ಗಣಕಯಂತ್ರಗಳನ್ನು ಬಾಡಿಗೆಗೆ ಕೊಡುತ್ತಿದ್ದ ಐಬಿಎಂ ಕಂಪನಿ, ಅದನ್ನು ನಡೆಸುವ ತಂತ್ರಾಂಶವನ್ನು ಯಂತ್ರದ ಜೊತೆಗೇ ಕೊಡುತ್ತಿತ್ತು. 1969ರ ಜನವರಿಯಲ್ಲಿ ಅಮೆರಿಕ ಸರಕಾರ ಏಕಸ್ವಾಮ್ಯದ ಆರೋಪದ ಮೇಲೆ ಐಬಿಎಂ ವಿರುದ್ಧ ಮೊಕದ್ದಮೆ ಹೂಡಿತು. ಅದೇ ವರ್ಷದ ಜೂನ್ 23ರಂದು ಕಂಪನಿಯು ತಂತ್ರಾಂಶ, ತರಬೇತಿ ಮುಂತಾದವುಗಳಿಗೆ ಪ್ರತ್ಯೇಕ ಬೆಲೆ ನಿಗದಿಪಡಿಸುವುದಾಗಿ ಘೋಷಿಸಿತು. ತಂತ್ರಾಂಶವು ತನ್ನದೇ ಆದ ಒಂದು ಸರಕಾಗಿ ಪೇಟೆಗೆ ಬಂದದ್ದು ಹೀಗೆ. ಆಗ ಎಣಿಕೆ ತೀರ ಸುಲಭವಾಗಿತ್ತು. ಯಂತ್ರಗಳು ಬೆರಳೆಣಿಕೆಯಷ್ಟಿದ್ದವು, ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಇತ್ತು, ಆ ಸಂಖ್ಯೆಯ ಯಂತ್ರಕ್ಕೆ ಈ ತಂತ್ರಾಂಶ ಎಂದು ಕರಾರು ಬರೆದರೆ ಮುಗಿಯಿತು.

ಕಷ್ಟ ಶುರುವಾದದ್ದು ಸಣ್ಣ ಗಣಕಗಳು ಬಂದ ಮೇಲೆ. 1976ರ ಫೆಬ್ರವರಿಯಲ್ಲಿ ಇಪ್ಪತ್ತರ ಹರೆಯದ ಬಿಲ್ ಗೇಟ್ಸ್, ಹವ್ಯಾಸಿ ಗಣಕಪ್ರಿಯರಿಗೆ ಒಂದು ಬಹಿರಂಗ ಪತ್ರ ಬರೆದರು. ಆಲ್ಟೇರ್ ಗಣಕ ಇರುವವರಲ್ಲಿ ಶೇ. 10ಕ್ಕಿಂತಲೂ ಕಡಿಮೆ ಮಂದಿ ಮಾತ್ರ ತಮ್ಮ ಬೇಸಿಕ್ ತಂತ್ರಾಂಶವನ್ನು ಕೊಂಡಿದ್ದಾರೆ, ಉಳಿದವರು ನಕಲು ಮಾಡಿಕೊಂಡಿದ್ದಾರೆ ಎಂಬುದು ಅವರ ದೂರು. ಆ ಪತ್ರದ ಧಾಟಿ ಅನೇಕರಿಗೆ ಹಿಡಿಸಲಿಲ್ಲ. ಆದರೆ ಪ್ರಶ್ನೆ ನಿಜವಾದದ್ದೇ ಆಗಿತ್ತು. ನಕಲು ಮಾಡಲು ಖರ್ಚಿಲ್ಲ, ನಕಲು ಎಲ್ಲಿದೆ ಎಂದು ಯಾರಿಗೂ ಕಾಣುವುದಿಲ್ಲ. ಇಂತಹ ಸರಕನ್ನು ಎಣಿಸುವುದು ಹೇಗೆ?

ಇದಕ್ಕೆ ಎರಡು ಬಗೆಯ ಉತ್ತರಗಳು ಬಂದವು. ಒಂದು, ಫ್ಲಾಪಿಗೇ ಬೀಗ ಹಾಕುವುದು. ಲೋಟಸ್ 1-2-3ರಂತಹ ತಂತ್ರಾಂಶಗಳ ಮೂಲ ಫ್ಲಾಪಿಯನ್ನು ಯಂತ್ರದಲ್ಲಿಡದೆ ಕೆಲಸ ನಡೆಯುತ್ತಿರಲಿಲ್ಲ. ಫ್ಲಾಪಿ ಹಾಳಾದರೆ ಹಣ ಕೊಟ್ಟ ಪ್ರಾಮಾಣಿಕ ಗಿರಾಕಿಯೇ ತಲೆ ಮೇಲೆ ಕೈ ಹೊತ್ತು ಕೂರಬೇಕಾಗಿತ್ತು. ಬೀಗ ಮುರಿಯಬಲ್ಲ ಕಳ್ಳನಿಗೆ ಏನೂ ತೊಂದರೆ ಇರಲಿಲ್ಲ. ಎರಡನೆಯ ಉತ್ತರ ಟರ್ಬೊ ಪ್ಯಾಸ್ಕಲ್ ತಯಾರಿಸಿದ ಬೋರ್ಲ್ಯಾಂಡ್ ಕಂಪನಿಯದು. ಇದನ್ನು ಪುಸ್ತಕದ ಹಾಗೆ ಬಳಸಿ, ಎಷ್ಟು ಮಂದಿಯಾದರೂ ಬಳಸಬಹುದು, ಒಂದು ಯಂತ್ರದಿಂದ ಇನ್ನೊಂದಕ್ಕೆ ಒಯ್ಯಬಹುದು, ಆದರೆ ಒಂದೇ ಹೊತ್ತಿನಲ್ಲಿ ಎರಡು ಕಡೆ ಬಳಕೆಯಾಗಬಾರದು ಎಂಬುದು ಅದರ ಪರವಾನಗಿಯ ಸಾರ. ಗ್ರಂಥಾಲಯದ ಒಂದು ಪ್ರತಿಯನ್ನು ಇಬ್ಬರು ಒಂದೇ ಸಮಯದಲ್ಲಿ ಓದಲಾರರಷ್ಟೆ, ಹಾಗೆ. ಶಾಲಾ ಕಾಲೇಜುಗಳ ಮಟ್ಟಿಗೆ ಇಷ್ಟು ನ್ಯಾಯವಾದ ಎಣಿಕೆ ಮತ್ತೆ ಬರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಈ ಕಥೆಯ ಮುಖ್ಯ ತಿರುವು ಬಂದದ್ದು ಲಾಹೋರಿನಲ್ಲಿ. ಅಲ್ಲಾಮಾ ಇಕ್ಬಾಲ್ ಟೌನಿನಲ್ಲಿ ಬಾಸಿತ್ ಫಾರೂಕ್ ಅಲ್ವಿ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸಹೋದರರು 'ಬ್ರೈನ್' ಹೆಸರಿನ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದರು. 1986ರಲ್ಲಿ ಅವರು ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ, ಅಂದರೆ ಯಂತ್ರವು ಮೊದಲು ಓದುವ ಭಾಗದಲ್ಲಿ, ಅಡಗಿ ಕೂರುವ ಒಂದು ಪುಟ್ಟ ಪ್ರೋಗ್ರಾಂ ಬರೆದರು. ಆ ಫ್ಲಾಪಿಯಿಂದ ಚಾಲೂ ಮಾಡಿದ ಯಂತ್ರಕ್ಕೆ ಬೇರೆ ಫ್ಲಾಪಿ ಹಾಕಿದರೆ ಅದಕ್ಕೂ ಅಂಟಿಕೊಳ್ಳುತ್ತಿತ್ತು. ಅದರೊಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ದೂರವಾಣಿ ಸಂಖ್ಯೆಗಳನ್ನೂ ಅವರು ಬರೆದಿಟ್ಟಿದ್ದರು! ಐಬಿಎಂ ಮಾದರಿಯ ಪಿ.ಸಿ.ಗಳ ಮೊತ್ತಮೊದಲ ವೈರಸ್ ಎಂದು ಇತಿಹಾಸ ಗುರುತಿಸುವುದು ಇದನ್ನೇ.

ಯಾಕೆ ಬರೆದರು ಎಂಬುದಕ್ಕೆ ಎರಡು ನಿರೂಪಣೆಗಳಿವೆ. ತಾವು ತಯಾರಿಸಿದ ವೈದ್ಯಕೀಯ ತಂತ್ರಾಂಶವನ್ನು ಜನ ನಕಲು ಮಾಡುತ್ತಿದ್ದುದರಿಂದ, ನಕಲು ಎಲ್ಲೆಲ್ಲಿಗೆ ಹೋಗುತ್ತದೆ ಎಂದು ತಿಳಿಯಲು ಹೀಗೆ ಮಾಡಿದೆವು ಎಂಬುದು ಸಹೋದರರ ಮಾತು. 1988ರಲ್ಲಿ ಅಮೆರಿಕದ 'ಟೈಮ್' ಪತ್ರಿಕೆ ಬರೆದ ವರದಿ ಬೇರೆಯೇ. ಅದರ ಪ್ರಕಾರ ಇದೇ ಅಂಗಡಿಯಲ್ಲಿ ಅಮೆರಿಕನ್ ತಂತ್ರಾಂಶಗಳ ಅಗ್ಗದ ನಕಲುಗಳು ವಿದೇಶಿ ಗಿರಾಕಿಗಳಿಗೆ ಮಾರಾಟವಾಗುತ್ತಿದ್ದವು ಮತ್ತು ಆ ಫ್ಲಾಪಿಗಳಲ್ಲಿ ವೈರಸ್ ಇರುತ್ತಿತ್ತು. ಎರಡನ್ನೂ ಓದುಗರ ಮುಂದಿಡುವುದು ನ್ಯಾಯ. ಏನೇ ಇರಲಿ, 1987ರ ಅಕ್ಟೋಬರಿನಲ್ಲಿ ಅದು ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಫ್ಲಾಪಿಗಳಲ್ಲಿ ಕಾಣಿಸಿಕೊಂಡಿತು. ಲಾಹೋರಿನ ಅಂಗಡಿಗೆ ವಿದೇಶಗಳಿಂದ ಫೋನ್ ಕರೆಗಳು ಬರತೊಡಗಿದವು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಬ್ರೈನ್ ವೈರಸ್ಸು ನಕಲಿನ ಬೆನ್ನು ಹತ್ತಿ ಲೋಕ ಸುತ್ತಿತು, ಆದರೆ 'ನಾನು ಇಷ್ಟು ಕಡೆ ಇದ್ದೇನೆ' ಎಂದು ಲಾಹೋರಿಗೆ ಲೆಕ್ಕ ಕಳುಹಿಸಲು ಅದಕ್ಕೆ ದಾರಿ ಇರಲಿಲ್ಲ. ಫೋನ್ ಮಾಡಿದವರು ಎಷ್ಟು ಮಂದಿಯೋ ಅಷ್ಟೇ ಲೆಕ್ಕ. ಮರಳಿ ವರದಿ ಬರುವ ಆ ದಾರಿಯನ್ನು ಕಂಡುಕೊಂಡದ್ದು ವೈರಸ್ಸಿಗೆ ಮದ್ದು ಮಾರಿದವರು.

ಅಮೆರಿಕದ ಲಾಕ್‌ಹೀಡ್ ಕಂಪನಿಯಲ್ಲಿ ಕೆಲಸದಲ್ಲಿದ್ದ ಜಾನ್ ಮೆಕಾಫಿ ಈ 'ಪಾಕಿಸ್ತಾನಿ ಬ್ರೈನ್' ಬಗ್ಗೆ ಓದಿಯೇ ವೈರಸ್ ನಿರೋಧಕ ತಯಾರಿಕೆಗೆ ಇಳಿದವರು. 1987ರಲ್ಲಿ ಅವರು ಸ್ಥಾಪಿಸಿದ ಕಂಪನಿಯ 'ವೈರಸ್ ಸ್ಕ್ಯಾನ್' ತಂತ್ರಾಂಶವನ್ನು ಯಾರು ಬೇಕಾದರೂ ದೂರವಾಣಿ ತಂತಿಯ ಮೂಲಕ ಬುಲೆಟಿನ್ ಬೋರ್ಡುಗಳಿಂದ ಇಳಿಸಿಕೊಳ್ಳಬಹುದಾಗಿತ್ತು. ಮನೆಯವರು ಮನಸ್ಸಿದ್ದರೆ ಹಣ ಕೊಡುತ್ತಿದ್ದರು. ಕಂಪನಿಗಳು ಮಾತ್ರ ಲೈಸೆನ್ಸ್ ಪಡೆಯಬೇಕಿತ್ತು. ನಿಮ್ಮಲ್ಲಿ ಎಷ್ಟು ಯಂತ್ರಗಳಿವೆ ಎಂದು ಗಿರಾಕಿಯೇ ಹೇಳಬೇಕು, ಹೇಳಿದ್ದೇ ಲೆಕ್ಕ. ನಂಬಿಕೆಯ ವ್ಯಾಪಾರ. 1992ರ ಮಾರ್ಚ್ 6ರಂದು ಮೈಕೆಲೇಂಜೆಲೊ ವೈರಸ್ ಜಗತ್ತಿನ ಗಣಕಗಳನ್ನೆಲ್ಲ ಅಳಿಸಿ ಹಾಕುತ್ತದೆ ಎಂದು ಪತ್ರಿಕೆಗಳಲ್ಲಿ ಹುಯ್ಯಲೆದ್ದಿತ್ತು. ಅಷ್ಟೊಂದು ಹಾನಿ ಆಗಲಿಲ್ಲ, ಆದರೆ ಆಂಟಿವೈರಸ್ ಮಾರಾಟ ಮಾತ್ರ ಭರ್ಜರಿಯಾಗಿ ನಡೆಯಿತು.

ಬೇರೆ ತಂತ್ರಾಂಶಗಳಿಗೂ ಭದ್ರತಾ ತಂತ್ರಾಂಶಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಪತ್ರ ಬರೆಯುವ ತಂತ್ರಾಂಶವನ್ನು ಒಮ್ಮೆ ಹಾಕಿದರೆ ಅದು ಹತ್ತು ವರ್ಷ ತನ್ನ ಪಾಡಿಗೆ ಇರುತ್ತದೆ, ತಯಾರಕನ ಮುಖ ನೋಡುವ ಅಗತ್ಯವಿಲ್ಲ. ಆಂಟಿವೈರಸ್ ಹಾಗಲ್ಲ. ಹೊಸ ವೈರಸ್ಸುಗಳ ಗುರುತುಪಟ್ಟಿ ಬಾರದಿದ್ದರೆ ಅದು ಕೆಲವೇ ವಾರಗಳಲ್ಲಿ ನಿಷ್ಪ್ರಯೋಜಕ. ಮೊದಲು ಈ ಪಟ್ಟಿ ಅಂಚೆಯಲ್ಲಿ ಫ್ಲಾಪಿಯ ಮೂಲಕ ಬರುತ್ತಿತ್ತು. ಅಂತರ್ಜಾಲ ಬಂದ ಮೇಲೆ ಯಂತ್ರವೇ ದಿನನಿತ್ಯ ತಯಾರಕನ ಬಾಗಿಲಿಗೆ ಹೋಗಿ ಪಟ್ಟಿ ತರತೊಡಗಿತು. ಬಾಗಿಲಿಗೆ ಬಂದವನನ್ನು ಎಣಿಸುವುದು ಕಷ್ಟವೇ? ಹಾಗಾಗಿ ವರ್ಷಕ್ಕಿಷ್ಟು ಎಂಬ ಚಂದಾ ಪದ್ಧತಿಯೂ ಯಂತ್ರಕ್ಕೊಂದು ಗುರುತು ಎಂಬ ಎಣಿಕೆಯೂ ಈ ಉದ್ಯಮದಲ್ಲಿ ಬೇಗನೆ ಬೇರೂರಿದವು. ಸಿಮ್ಯಾಂಟೆಕ್ ಕಂಪನಿ 2003ರಲ್ಲಿ ತನ್ನ ನಾರ್ಟನ್ ಉತ್ಪನ್ನಗಳಿಗೆ 'ಆ್ಯಕ್ಟಿವೇಶನ್' ಕಡ್ಡಾಯ ಮಾಡಿತು. ಅಲ್ಲಿಂದ ಮುಂದೆ ಗಿರಾಕಿಯ ಮಾತಿಗಿಂತ ಸರ್ವರಿನ ದಾಖಲೆಗೆ ಹೆಚ್ಚು ಬೆಲೆ.

ಇದೇ ಹೊತ್ತಿಗೆ ಇನ್ನೊಂದು ಕಡೆ ಬೇರೆ ಎಣಿಕೆ ಬೆಳೆಯುತ್ತಿತ್ತು. ಇಸ್ರೇಲಿನ ಚೆಕ್ ಪಾಯಿಂಟ್ ಕಂಪನಿ 1994ರಲ್ಲಿ ಪೇಟೆಗೆ ತಂದ 'ಫೈರ್‌ವಾಲ್-1' ತಂತ್ರಾಂಶವನ್ನು ಹಾಕುವುದು ಪ್ರತಿ ಯಂತ್ರಕ್ಕಲ್ಲ, ಜಾಲದ ಹೆಬ್ಬಾಗಿಲಿಗೆ. ಬಾಗಿಲು ಒಂದೇ, ಹಾಗಾದರೆ ಎಣಿಸುವುದು ಏನನ್ನು? ಒಳಗಿರುವ ಐಪಿ ವಿಳಾಸಗಳನ್ನು. 25, 50, 100, 250 ವಿಳಾಸಗಳಿಗೆ ಎಂದು ಲೈಸೆನ್ಸುಗಳಿದ್ದವು. ಪ್ರಿಂಟರಿಗೂ ಐಪಿ ವಿಳಾಸ ಇರುತ್ತದೆಯಾದ್ದರಿಂದ ಅದೂ ಒಂದು ತಲೆಯಾಗಿ ಲೆಕ್ಕಕ್ಕೆ ಸೇರಬಹುದಿತ್ತು. ಸಿಸ್ಕೋ ಕಂಪನಿಯ 'ಪಿಕ್ಸ್ 501' ಎಂಬ ಪುಟ್ಟ ಪೆಟ್ಟಿಗೆ 10 ಬಳಕೆದಾರರು, 50 ಬಳಕೆದಾರರು, ಮಿತಿಯಿಲ್ಲದ್ದು ಎಂದು ಮೂರು ಬಗೆಯಲ್ಲಿ ಸಿಗುತ್ತಿತ್ತು. ಇಲ್ಲಿ 'ಬಳಕೆದಾರ' ಎಂದರೆ ಮನುಷ್ಯನಲ್ಲ, ಆ ಕ್ಷಣದಲ್ಲಿ ಹೊರಗಿನ ಜಾಲದೊಂದಿಗೆ ಮಾತನಾಡುತ್ತಿರುವ ಒಳಗಿನ ಯಂತ್ರ. 10ರ ಲೈಸೆನ್ಸಿನಲ್ಲಿ 11ನೆಯ ಯಂತ್ರಕ್ಕೆ ಅಂತರ್ಜಾಲ ಸಿಗುವುದಿಲ್ಲ. ಆದರೆ ಪಕ್ಕದ ಯಂತ್ರದ ಜೊತೆ ಅದರ ಸಂಪರ್ಕ ಸರಿಯಾಗಿಯೇ ಇರುತ್ತದೆ. ಲೈಸೆನ್ಸಿನ ಈ ನಿಯಮ ತಿಳಿಯದವರು ಕೇಬಲ್ ಬದಲಿಸುತ್ತಾ ಕೂರುವುದು ಸಹಜ. ಕೊಲ್ಲಿ ರಾಷ್ಟ್ರಗಳ ಕಚೇರಿಗಳಲ್ಲಿ ನೆಟ್‌ವರ್ಕ್ ಕೆಲಸಕ್ಕೆ ಹೋಗಬಯಸುವ ನಮ್ಮ ತರುಣರು, ದೋಷ ಹುಡುಕುವ ಪಟ್ಟಿಯಲ್ಲಿ ಲೈಸೆನ್ಸಿನ ಮಿತಿಯನ್ನೂ ಸೇರಿಸಿಕೊಂಡರೆ ಒಳ್ಳೆಯದು.

ಮೇಲ್ ಸರ್ವರಿಗೆ ಕಾವಲು ಕೂರುವ ತಂತ್ರಾಂಶಗಳಲ್ಲಿ ಎಣಿಕೆ ಅಂಚೆಪೆಟ್ಟಿಗೆಗಳದು. ಪ್ರಾಂಶುಪಾಲರ ಸ್ವಂತ ವಿಳಾಸ ಒಂದು, 'ಪ್ರವೇಶ ವಿಭಾಗ' ಎಂಬ ವಿಳಾಸ ಇನ್ನೊಂದು. ಎರಡನ್ನೂ ಓದುವವರು ಅದೇ ಪ್ರಾಂಶುಪಾಲರು. ಒಂದು ಕಂಪನಿ ಇದನ್ನು ಒಂದೆನ್ನುತ್ತದೆ, ಇನ್ನೊಂದು ಎರಡೆನ್ನುತ್ತದೆ. ಕರಾರಿನ ವ್ಯಾಖ್ಯೆಗಳ ಭಾಗವನ್ನು ಓದದೆ ಗತ್ಯಂತರವಿಲ್ಲ.

ಇನ್ನು 40 ಯಂತ್ರಗಳು 52 ಆಗುವ ವಿಷಯಕ್ಕೆ ಬರೋಣ. 1990ರ ದಶಕದ ಕೊನೆಯಿಂದ ವ್ಯವಹಾರದ ಬಳಕೆಯ ಆಂಟಿವೈರಸ್ಸುಗಳಿಗೆ ಕೇಂದ್ರ ನಿಯಂತ್ರಣ ಫಲಕಗಳು ಬಂದವು. ಒಂದೆಡೆ ಕುಳಿತು ಎಲ್ಲ ಯಂತ್ರಗಳ ಸ್ಥಿತಿಯನ್ನು ನೋಡಬಹುದು. ಪ್ರತಿ ಯಂತ್ರದಲ್ಲಿ ಕೂರುವ ಒಂದು ಪುಟ್ಟ 'ಏಜೆಂಟ್' ಮೊದಲ ದಿನ ಫಲಕಕ್ಕೆ ವರದಿ ಮಾಡಿಕೊಂಡು ಒಂದು ಗುರುತುಸಂಖ್ಯೆ ಪಡೆಯುತ್ತದೆ. ಫಲಕ ಎಣಿಸುವುದು ಈ ಗುರುತುಸಂಖ್ಯೆಗಳನ್ನೇ ಹೊರತು ಮೇಜಿನ ಮೇಲಿರುವ ಪೆಟ್ಟಿಗೆಗಳನ್ನಲ್ಲ. ಹಾರ್ಡ್ ಡಿಸ್ಕ್ ಕೆಟ್ಟು ಯಂತ್ರವನ್ನು ಫಾರ್ಮ್ಯಾಟ್ ಮಾಡಿ ಎಲ್ಲವನ್ನೂ ಹೊಸದಾಗಿ ಹಾಕಿದರೆ ಹಲವು ಉತ್ಪನ್ನಗಳಲ್ಲಿ ಅದೇ ಯಂತ್ರಕ್ಕೆ ಹೊಸ ಗುರುತು ಸಿಗುತ್ತದೆ. ಹಳೆಯ ಗುರುತು ಪಟ್ಟಿಯಲ್ಲಿ ಹಾಗೇ ಉಳಿದಿರುತ್ತದೆ. ವರ್ಷದಲ್ಲಿ 12 ಯಂತ್ರಗಳಿಗೆ ಹೀಗಾದರೆ 40 ಎಂಬುದು 52 ಆಯಿತು! ಮಾರಾಟಗಾರ ಸುಳ್ಳು ಹೇಳಿಲ್ಲ, ಸಂಸ್ಥೆಯೂ ಕದ್ದಿಲ್ಲ.

ಇದರ ತದ್ವಿರುದ್ಧವೂ ಆಗುತ್ತದೆ. ನ್ಯೂಜಿಲೆಂಡಿನಲ್ಲಿ ಹುಟ್ಟಿ 1998ರಲ್ಲಿ ಸಿಮ್ಯಾಂಟೆಕ್ ಕಂಪನಿಯ ಪಾಲಾದ 'ಘೋಸ್ಟ್' ಎಂಬ ತಂತ್ರಾಂಶವನ್ನು ಪ್ರಯೋಗಾಲಯ ನೋಡಿಕೊಳ್ಳುವವರೆಲ್ಲ ಬಲ್ಲರು. ಒಂದು ಯಂತ್ರವನ್ನು ಸಿದ್ಧಮಾಡಿ ಅದರ ಪಡಿಯಚ್ಚನ್ನು ಉಳಿದ 39ಕ್ಕೆ ಇಳಿಸಿದರೆ ಒಂದು ದಿನದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಮೊದಲ ಯಂತ್ರದಲ್ಲಿ ಏಜೆಂಟ್ ಈಗಾಗಲೇ ಗುರುತು ಪಡೆದಿದ್ದರೆ ಅದೇ ಗುರುತು ನಲವತ್ತಕ್ಕೂ ಅಂಟುತ್ತದೆ. ಆಗ ಫಲಕದ ಪಾಲಿಗೆ ನಲವತ್ತೂ ಸೇರಿ ಒಂದೇ ಯಂತ್ರ. ಲೈಸೆನ್ಸ್ ಉಳಿಯಿತೆಂದು ಸಂತೋಷ ಪಡುವಂತಿಲ್ಲ. ಯಾವ ಯಂತ್ರದಲ್ಲಿ ವೈರಸ್ ಹೊಕ್ಕಿದೆ, ಯಾವುದರಲ್ಲಿ ನವೀಕರಣ ನಿಂತಿದೆ ಎಂದು ಕಾಣುವುದೇ ಇಲ್ಲ. ಮೆಕಾಫಿಯ ಕೇಂದ್ರ ಫಲಕ ಬಳಸುವವರಿಗೆ ಪಡಿಯಚ್ಚು ತೆಗೆಯುವ ಮುನ್ನ ಏಜೆಂಟಿನ ಗುರುತನ್ನು ಅಳಿಸಿರಿ ಎಂದು ಸೂಚನೆ ಕೊಡುತ್ತಿದ್ದುದು ಇದಕ್ಕೇ.

ದೀರ್ಘಕಾಲ ಸಂಪರ್ಕಕ್ಕೆ ಬಾರದ ಯಂತ್ರಗಳನ್ನು ಪಟ್ಟಿಯಿಂದ ತಾನಾಗಿ ತೆಗೆದುಹಾಕುವಂತೆ 30 ದಿನ, 60 ದಿನ ಎಂದು ಅವಧಿ ನಿಗದಿಪಡಿಸುವ ಸೌಲಭ್ಯ ಹಲವು ಉತ್ಪನ್ನಗಳಲ್ಲಿ ಇದೆ. ನಮ್ಮ ಶಾಲೆಗಳಿಗೆ ಇದರಲ್ಲಿ ಒಂದು ತೊಡಕುಂಟು. ಏಪ್ರಿಲ್, ಮೇ ರಜೆಯಲ್ಲಿ ಪ್ರಯೋಗಾಲಯಕ್ಕೆ ಬೀಗ ಬಿದ್ದಿರುತ್ತದೆ. ನವೀಕರಣದ ದಿನ ಮೇ ತಿಂಗಳಲ್ಲಿ ಬಂದರೆ ಪಟ್ಟಿಯಲ್ಲಿ ಕಚೇರಿಯ ನಾಲ್ಕೈದು ಯಂತ್ರಗಳಷ್ಟೇ ಕಾಣಬಹುದು. ಅದನ್ನೇ ನಂಬಿ ಲೈಸೆನ್ಸ್ ಕಡಿಮೆ ಮಾಡಿದರೆ ಶಾಲೆ ತೆರೆದ ವಾರದಲ್ಲಿ ಮಿತಿ ಮೀರುತ್ತದೆ.

'ಉಚಿತ' ಎಂಬ ಪದದಲ್ಲಿಯೂ ಎಣಿಕೆ ಅಡಗಿದೆ. ಎವಿಜಿ, ಅವಾಸ್ಟ್ ಮುಂತಾದ ಕಂಪನಿಗಳ ಉಚಿತ ಆಂಟಿವೈರಸ್ಸುಗಳು 2000ದ ದಶಕದಲ್ಲಿ ಮನೆಮನೆಗೆ ತಲುಪಿದವು. ಪರವಾನಗಿಯಲ್ಲಿ ಅವು ಮನೆಬಳಕೆಗೆ, ವ್ಯಾಪಾರೇತರ ಬಳಕೆಗೆ ಮಾತ್ರ ಎಂದಿತ್ತು. ಎಷ್ಟೋ ಶಾಲೆಗಳು ಅವನ್ನೇ ಹಾಕಿಕೊಂಡು ನಿಶ್ಚಿಂತೆಯಿಂದಿದ್ದವು. ಮೈಕ್ರೋಸಾಫ್ಟ್ ಕಂಪನಿ 2009ರಲ್ಲಿ 'ಸೆಕ್ಯುರಿಟಿ ಎಸೆನ್ಷಿಯಲ್ಸ್' ಎಂಬ ಉಚಿತ ತಂತ್ರಾಂಶ ತಂದಿತು. 2010ರ ಅಕ್ಟೋಬರಿನಿಂದ ಸಣ್ಣ ವ್ಯಾಪಾರಿಗಳೂ 10 ಯಂತ್ರಗಳವರೆಗೆ ಅದನ್ನು ಬಳಸಬಹುದೆಂದು ಅನುಮತಿ ಕೊಟ್ಟಿತು. ಕಿರಾಣಿ ಅಂಗಡಿಯವರಿಗೆ 10. ಶಾಲೆಗೆ? ಸರಕಾರ ಮತ್ತು ಶಿಕ್ಷಣ ಸಂಸ್ಥೆಗಳ ಯಂತ್ರಗಳಲ್ಲಿ ಬಳಸಬಾರದು ಎಂದು ಅದೇ ಪರವಾನಗಿಯಲ್ಲಿ ಬರೆದಿತ್ತು. ಅಂದರೆ ಶಾಲೆಯ ಪಾಲಿಗೆ ಲೆಕ್ಕ ಸೊನ್ನೆ. ಇದನ್ನು ಓದಿ ನೋಡಿದವರು ಎಷ್ಟು ಮಂದಿಯೋ!

ಕಾನೂನು ಏನು ಹೇಳುತ್ತದೆ? ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ತಿದ್ದುಪಡಿ ತಂದು ಗಣಕ ತಂತ್ರಾಂಶವನ್ನು ಸಾಹಿತ್ಯ ಕೃತಿಯ ವ್ಯಾಖ್ಯೆಯೊಳಗೆ ಸೇರಿಸಲಾಯಿತು. 1994ರ ತಿದ್ದುಪಡಿ 1995ರ ಮೇ 10ರಿಂದ ಜಾರಿಗೆ ಬಂತು. ಅದರ 63ಬಿ ಕಲಮಿನ ಪ್ರಕಾರ ಅಕ್ರಮ ಪ್ರತಿಯೆಂದು ತಿಳಿದೂ ಗಣಕದಲ್ಲಿ ಬಳಸಿದರೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಯವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸಿಲ್ಲವಾದರೆ ಸೆರೆವಾಸ ವಿಧಿಸದೆ 50 ಸಾವಿರದವರೆಗಿನ ದಂಡದಲ್ಲಿ ಮುಗಿಸುವ ವಿವೇಚನೆ ನ್ಯಾಯಾಲಯಕ್ಕಿದೆ. ಇಲ್ಲಿ 'ತಿಳಿದೂ' ಎಂಬ ಪದ ಮುಖ್ಯವಾದುದು.

ಉಲಮಾಗಳ ನಡುವೆಯೂ ಈ ಬಗ್ಗೆ ಚರ್ಚೆ ನಡೆದಿದೆ. ಕೈಗೆ ಸಿಗದ, ಬರಿಯ ಹಕ್ಕೊಂದನ್ನು ಮಾರಬಹುದೇ ಎಂಬ ವಿಷಯದಲ್ಲಿ ಉಪಖಂಡದ ಹಿಂದಿನ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿತ್ತು. 1988ರ ಡಿಸೆಂಬರಿನಲ್ಲಿ ಕುವೈತಿನಲ್ಲಿ ನಡೆದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯ 5ನೆಯ ಅಧಿವೇಶನವು ತನ್ನ 43ನೆಯ ನಿರ್ಣಯದಲ್ಲಿ ವ್ಯಾಪಾರನಾಮ, ಗ್ರಂಥರಚನೆ, ಆವಿಷ್ಕಾರ ಮುಂತಾದ ಹಕ್ಕುಗಳಿಗೆ ಆರ್ಥಿಕ ಮೌಲ್ಯವಿದೆ, ಅವುಗಳ ಮೇಲೆ ಅತಿಕ್ರಮಣ ಸಲ್ಲದು ಎಂದು ಹೇಳಿತು. ತಂತ್ರಾಂಶದ ವಿಷಯದಲ್ಲಿ ಇನ್ನೊಂದು ಸರಳವಾದ ಮಾತೂ ಇದೆ. ಲೈಸೆನ್ಸ್ ಎಂಬುದು ಒಂದು ಕರಾರು. ಇಷ್ಟು ಯಂತ್ರಗಳಿಗೆ ಎಂದು ಒಪ್ಪಿಕೊಂಡ ಮೇಲೆ ಆ ಕರಾರನ್ನು ಪಾಲಿಸಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಾರದು.

ಲೆಕ್ಕವೇ ಬೇಡ ಎನ್ನುವ ದಾರಿಯೂ ಇದೆ. ನೆರೆಯ ಕೇರಳದ ಸರಕಾರಿ ಶಾಲೆಗಳು 2000ದ ದಶಕದಲ್ಲಿ 'ಐಟಿ ಅಟ್ ಸ್ಕೂಲ್' ಯೋಜನೆಯಡಿ ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶಕ್ಕೆ ಹೊರಳಿದವು. ಕ್ಲಾಮ್ ಎವಿ ಎಂಬ ಮುಕ್ತ ವೈರಸ್ ಶೋಧಕವನ್ನು ಎಷ್ಟು ಯಂತ್ರಗಳಿಗೆ ಹಾಕಿದರೂ ಕೇಳುವವರಿಲ್ಲ. ಆದರೆ ಟ್ಯಾಲಿ ಮುಂತಾದ ವಿಂಡೋಸ್ ತಂತ್ರಾಂಶಗಳನ್ನು ಕಲಿಸಬೇಕಾದ ಕಾಲೇಜುಗಳಿಗೆ ಈ ದಾರಿ ಪೂರ್ತಿಯಾಗಿ ಒದಗುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಒಂದೇ ಯಂತ್ರದೊಳಗೆ ಹಲವು ಕಾಲ್ಪನಿಕ ಯಂತ್ರಗಳನ್ನು ನಡೆಸುವ ತಂತ್ರಜ್ಞಾನ ಬಂದ ಮೇಲೆ ಯಂತ್ರ ಎಂಬ ಪದವೇ ಸಡಿಲವಾಯಿತು. ಬೆಳಿಗ್ಗೆ ಹುಟ್ಟಿ ಸಂಜೆ ಅಳಿಯುವ ಯಂತ್ರಗಳನ್ನು ಎಣಿಸುವುದು ಹೇಗೆ? ಕ್ಯಾಸ್ಪರ್ಸ್ಕಿಯಂತಹ ಕಂಪನಿಗಳು ಅಂತಹ ಕಡೆ ಯಂತ್ರಗಳ ಬದಲು ಪ್ರೊಸೆಸರಿನ ಕೋರ್‌ಗಳನ್ನು ಎಣಿಸುವ ಲೈಸೆನ್ಸನ್ನೂ ಕೊಟ್ಟವು. ಮೊಬೈಲು, ಲ್ಯಾಪ್‌ಟಾಪುಗಳು ಹೆಚ್ಚಾದಂತೆ ಎಣಿಕೆ ಮನುಷ್ಯರ ಕಡೆಗೆ ಹೊರಳಿತು. 2022ರಲ್ಲಿ ಬಂದ ಮೈಕ್ರೋಸಾಫ್ಟಿನ 'ಡಿಫೆಂಡರ್ ಫಾರ್ ಬಿಸಿನೆಸ್' 300 ಬಳಕೆದಾರರವರೆಗಿನ ಸಂಸ್ಥೆಗಳಿಗಾಗಿ ಇದೆ. ಒಬ್ಬ ಬಳಕೆದಾರನಿಗೆ 5 ಸಾಧನಗಳವರೆಗೆ ಅವಕಾಶ. ಒಬ್ಬೊಬ್ಬನ ಬಳಿ ಮೂರು ಸಾಧನಗಳಿರುವ ಕಚೇರಿಗೆ ಇದು ಲಾಭ. ಒಂದು ಯಂತ್ರವನ್ನು ದಿನಕ್ಕೆ ಆರು ತರಗತಿಯ ಮಕ್ಕಳು ಸರದಿಯಲ್ಲಿ ಬಳಸುವ ಶಾಲೆಗೆ ತಲೆಯೆಣಿಕೆ ನಷ್ಟ, ಯಂತ್ರದೆಣಿಕೆಯೇ ಲಾಭ.

ಮೈಕ್ರೋಸಾಫ್ಟಿನ ಹಳೆಯ 'ಕ್ಯಾಂಪಸ್ ಅಗ್ರಿಮೆಂಟ್' ಇದಕ್ಕೆ ಒಂದು ವಿಚಿತ್ರ ಪರಿಹಾರ ಕಂಡುಕೊಂಡಿತ್ತು. ಅಲ್ಲಿ ಯಂತ್ರಗಳನ್ನೂ ಎಣಿಸುತ್ತಿರಲಿಲ್ಲ, ವಿದ್ಯಾರ್ಥಿಗಳನ್ನೂ ಎಣಿಸುತ್ತಿರಲಿಲ್ಲ. ಅಧ್ಯಾಪಕರು ಮತ್ತು ಸಿಬ್ಬಂದಿಯನ್ನು ಮಾತ್ರ. ಅರೆಕಾಲಿಕ ಅಧ್ಯಾಪಕರಾದರೆ ಮೂವರು ಸೇರಿ ಒಬ್ಬರು, ಅರೆಕಾಲಿಕ ಸಿಬ್ಬಂದಿಯಾದರೆ ಇಬ್ಬರು ಸೇರಿ ಒಬ್ಬರು. ಅತಿಥಿ ಉಪನ್ಯಾಸಕರಿಂದಲೇ ನಡೆಯುವ ನಮ್ಮ ಕಾಲೇಜುಗಳಿಗೆ ಇದಕ್ಕಿಂತ ಅನುಕೂಲವಾದ ಲೆಕ್ಕ ಯಾವುದಿತ್ತು!

ವಿಂಡೋಸ್ 8ರಿಂದ, ಅಂದರೆ 2012ರಿಂದ, ವೈರಸ್ ತಡೆಯುವ ಡಿಫೆಂಡರ್ ವಿಂಡೋಸಿನೊಳಗೇ ಬರುತ್ತಿದೆ. ಅದಕ್ಕೆ ಬೇರೆ ಲೈಸೆನ್ಸ್ ಬೇಕಾಗಿಲ್ಲ. ಎಲ್ಲ ಯಂತ್ರಗಳ ಸ್ಥಿತಿಯನ್ನು ಒಂದೇ ಫಲಕದಲ್ಲಿ ನೋಡುವ ವ್ಯವಸ್ಥೆಗೆ ಮಾತ್ರ ಹಣ ಕೊಡಬೇಕು. ಹಾಗಾಗಿ ನವೀಕರಣದ ಬಿಲ್ಲು ಬಂದಾಗ ಆಡಳಿತ ಮಂಡಳಿ ಮಾರಾಟಗಾರನನ್ನು ಮೊದಲು ಕೇಳಬೇಕಾದದ್ದು ಎಷ್ಟು ರಿಯಾಯಿತಿ ಎಂದಲ್ಲ, ನೀವು ಎಣಿಸುವುದು ಏನನ್ನು ಎಂದು. ನಂತರ ಪ್ರಯೋಗಾಲಯದ ದಾಸ್ತಾನು ಪುಸ್ತಕವನ್ನೂ ಫಲಕದ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ಒಂದೊಂದು ಹೆಸರಿಗೂ ಗುರುತು ಹಾಕುತ್ತಾ ಹೋಗಬೇಕು. ಗುಜರಿಗೆ ಹೋದ ಯಂತ್ರದ ಹೆಸರು ಪಟ್ಟಿಯಲ್ಲಿ ಇನ್ನೂ ಇದ್ದರೆ ತೆಗೆಸಬೇಕು. 40 ಯಂತ್ರಗಳ ಶಾಲೆಯಲ್ಲಿ ಇದು ಒಂದು ಮಧ್ಯಾಹ್ನದ ಕೆಲಸ.